ಎಣ್ಣೆಗಪ್ಪು ಮುಖಕ್ಕೆ ಬೆಳಕು

ಗಾಂಧಿ ಬಜಾರಿನಲ್ಲಿ ಹೂ ಮಾರುವ ಅಜ್ಜಿಯೊಬ್ಬರನ್ನು ಗೇಮ್ ಪಾತ್ರವಾಗಿ ಮಾಡಬೇಕು ಅಂದುಕೊಳ್ಳಿ. ಎಣ್ಣೆಗಪ್ಪು ಮೈಬಣ್ಣ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೂಗಿಗೆ ಚಿನ್ನದ ಮೂಗುಬೊಟ್ಟು. ಒಂದೊಂದು ಸುಕ್ಕನ್ನೂ ಕೂತು ಕೆತ್ತಿದ್ದೀರಿ. ರೆಂಡರ್ ಮಾಡಿದರೆ, ಅಂದರೆ ಕಂಪ್ಯೂಟರಿನಿಂದ ಚಿತ್ರ ಬಿಡಿಸಿಕೊಂಡರೆ, ತೆರೆಯ ಮೇಲೆ ಗೊಂಬೆ ಕಾಣುತ್ತದೆ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಕ್ಯಾರೆಕ್ಟರ್ ಮಾಡುವವರಿಗೆ ಈ ಸಂಕಟ ಹೊಸದೇನಲ್ಲ. ಇನ್ನಷ್ಟು ಸುಕ್ಕು ಸೇರಿಸೋಣ ಅನಿಸುತ್ತದೆ. ಹೆಚ್ಚಿನ ಸಲ ಎಡವಟ್ಟಾಗಿರುವುದು ಬೆಳಕಿನಲ್ಲಿ.

ಚರ್ಮಕ್ಕೆ ನೇರವಾಗಿ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 3 ಪಾಲು ಮೇಲಿಂದಲೇ ವಾಪಸ್ ಬರುತ್ತದೆ. ಅದೇ ಮುಖದ ಹೊಳಪು. ಉಳಿದದ್ದು ಒಳಗೆ ಹೋಗಿ ಚದುರುತ್ತದೆ, ಅದರಲ್ಲೊಂದಿಷ್ಟು ಪಕ್ಕದ ಜಾಗದಿಂದ ಹೊರಗೆ ಬರುತ್ತದೆ. ಒಳಗೆ ಕೆಂಪು ಬೆಳಕು ಜಾಸ್ತಿ ದೂರ ಹರಡುತ್ತದೆ, ನೀಲಿ ಬೇಗ ಹೀರಿಹೋಗುತ್ತದೆ. ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟರೆ ಕೆಂಪಗೆ ಕಾಣುತ್ತೆ ಅಲ್ವಾ, ಅದು ಇದೇ.

1975ರಲ್ಲಿ ಬುಯಿ ತುವಾಂಗ್ ಫಾಂಗ್ ಕಂಪ್ಯೂಟರ್ ಚಿತ್ರಗಳಿಗೆಂದು ಕೊಟ್ಟ ಹೊಳಪಿನ ಲೆಕ್ಕದಲ್ಲಿ ಬೆಳಕು ಒಳಗೆ ಹೋಗುವ ಮಾತೇ ಇರಲಿಲ್ಲ. ಅದರಲ್ಲಿ ಮುಖವೂ ಪ್ಲಾಸ್ಟಿಕ್ ಬಿಂದಿಗೆಯ ಹಾಗೆ ಮಿನುಗುತ್ತಿತ್ತು. 2001ರಲ್ಲಿ ಹೆನ್ರಿಕ್ ವಾನ್ ಯೆನ್ಸೆನ್ ಮತ್ತು ಜೊತೆಗಾರರು ಒಳಗೆ ಚದುರುವ ಬೆಳಕನ್ನು ಲೆಕ್ಕ ಹಾಕಲು ಬಳಸಲಾಗುವಂಥ ಸೂತ್ರ ಕೊಟ್ಟರು. ಗೇಮ್‌ನಲ್ಲಿ ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದಕ್ಕೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಹಾಗಾಗಿ ಅಲ್ಲೊಂದು ಜಾಣತನ ಮಾಡುತ್ತಾರೆ: ಚರ್ಮದ ಮೇಲಿನ ಬೆಳಕನ್ನು ಸ್ವಲ್ಪ ಮಸುಕು ಮಾಡುತ್ತಾರೆ, ಕೆಂಪನ್ನು ಜಾಸ್ತಿ, ನೀಲಿಯನ್ನು ಕಡಿಮೆ.

ನಮ್ಮ ಬಣ್ಣದವರಿಗೆ ಮುಖ್ಯವಾದ ಸಂಗತಿ ಮುಂದಿದೆ. ಚರ್ಮದ ಮೇಲ್ಪದರದಲ್ಲಿ ಮೆಲನಿನ್, ಅಂದರೆ ಮೈಗೆ ಕಪ್ಪು ಕೊಡುವ ಬಣ್ಣದ ವಸ್ತು, ಜಾಸ್ತಿ ಇದ್ದರೆ ಬೆಳಕು ಒಳಗೆ ಹೋಗುವಾಗಲೂ ಕರಗುತ್ತದೆ, ಹೊರಗೆ ಬರುವಾಗಲೂ ಕರಗುತ್ತದೆ. ಮೇಲಿನ ಹೊಳಪು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಯಾಕೆಂದರೆ ಅದು ಮೆಲನಿನ್ ಅನ್ನು ಕೇಳುವುದೇ ಇಲ್ಲ. ಹೀಗಾಗಿ ಕಪ್ಪು, ಕಂದು ಮುಖದಲ್ಲಿ ಕೆನ್ನೆಯ ಮೂಳೆ, ಮೂಗಿನ ಏಣು, ತುಟಿಯ ಅಂಚು ಎಲ್ಲವನ್ನೂ ತೋರಿಸಿಕೊಡುವುದು ಹೊಳಪೇ. ಯೇಲ್ ವಿಶ್ವವಿದ್ಯಾಲಯದ ಥಿಯೋಡೋರ್ ಕಿಮ್ 2020ರಲ್ಲಿ ಇದನ್ನೇ ಎತ್ತಿದರು: ಬಿಳಿ ಚರ್ಮದ ಒಳಬೆಳಕನ್ನೇ ಮನುಷ್ಯರ ಚರ್ಮದ ಗುಟ್ಟು ಅಂದುಕೊಂಡು ಸಂಶೋಧನೆ ನಡೆದಿದೆ ಎಂದರು. ಅವರ ಮಾತು ಸರಿ ಅಂತಲೇ ನನ್ನ ಅಭಿಪ್ರಾಯ. ಬೆಳ್ಳಗಿನ ಮುಖಕ್ಕೆ ಹೊಂದಿಸಿದ್ದನ್ನು ತಂದು ಬಣ್ಣವನ್ನಷ್ಟೇ ಗಾಢ ಮಾಡಿದರೆ ಅಜ್ಜಿ ಮರದ ಬೊಂಬೆಯೇ ಆಗುತ್ತಾರೆ. ಕೈ ಇಡಬೇಕಾದದ್ದು ರಫ್‌ನೆಸ್ ಮ್ಯಾಪ್ ಮೇಲೆ, ಅಂದರೆ ಮುಖದ ಯಾವ ಜಾಗ ಎಷ್ಟು ನುಣುಪು, ಎಷ್ಟು ಒರಟು ಅಂತ ಹೇಳುವ ಚಿತ್ರದ ಮೇಲೆ. ಹಣೆ, ಮೂಗಿನ ತುದಿ ಜಿಡ್ಡು. ಕೆನ್ನೆ ಅದಕ್ಕಿಂತ ಒಣ. ಕಣ್ಣಿನ ಒಳಮೂಲೆ, ರೆಪ್ಪೆಯಂಚು ಒದ್ದೆ.

ಮೂಗುಬೊಟ್ಟಿನ ಹತ್ತಿರ ಬನ್ನಿ. ಒಂದು ಬೆರಳಿನ ಅಗಲದೊಳಗೆ ಎರಡು ಹೊಳಪು ಕಾಣುತ್ತವೆ. ಚರ್ಮದ್ದು ದೀಪದ ಬಣ್ಣ, ಬಿಳಿ ದೀಪ ಇದ್ದರೆ ಬಿಳಿ. ಚಿನ್ನದ್ದು ಹಳದಿ, ಯಾಕೆಂದರೆ ಲೋಹ ತನ್ನ ಹೊಳಪಿಗೇ ಬಣ್ಣ ಹಚ್ಚುತ್ತದೆ. ಚರ್ಮದ ಹೊಳಪಿಗೆ ಕಂದು ಬೆರೆಸಿದರೆ ಅಜ್ಜಿಯ ಮುಖ ತಾಮ್ರದ್ದಾಗುತ್ತದೆ. ಇನ್ನು ಕೆನ್ನೆ ಆ ಕಡೆಗೆ ತಿರುಗುವ ಅಂಚು ನೋಡಿ. ಓರೆಯಾಗಿ ಬಿದ್ದ ಬೆಳಕು ಮೇಲಿಂದಲೇ ತುಂಬಾ ಜಾಸ್ತಿ ಪುಟಿಯುತ್ತದೆ. ಭೌತವಿಜ್ಞಾನಿ ಫ್ರೆನೆಲ್ ಹೇಳಿದ ನಿಯಮ ಇದು. ಹಿಂದಿನಿಂದ ಬೆಳಕು ಬಂದಾಗ ಕಪ್ಪು ಕೆನ್ನೆಯ ಅಂಚಿನಲ್ಲಿ ಎಳೆಯುವ ಆ ಬೆಳ್ಳಿ ಗೆರೆ ಎಷ್ಟು ಚೆನ್ನ!

ದೀಪ ಎಲ್ಲಿಡಬೇಕು? ನಮ್ಮೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ, ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಆ ಹೊತ್ತಿನಲ್ಲಿ ಬಿಸಿಲಲ್ಲಿ ನಿಂತವರನ್ನು ನೋಡಿ: ಹಣೆ ಉರಿಯುತ್ತದೆ, ಕಣ್ಣಿನ ಗುಳಿ ಕತ್ತಲೆ. ಸುಮ್ನೆ ತಲೆಯ ಮೇಲೊಂದು ದೀಪ ತೂಗುಹಾಕಿದರೆ ರೆಂಡರ್‌ನಲ್ಲೂ ಅದೇ ಪಾಡು. ಅಜ್ಜಿ ಕೂರುವುದು ನೀಲಿ ಟಾರ್ಪಾಲಿನ ಕೆಳಗೆ. ಮೇಲಿಂದ ಇಳಿಯುವುದು ನೀಲಿ ಬೆಳಕು. ಎದುರಿನ ರಸ್ತೆಯಿಂದ ಅಗಲವಾದ ಮೆದು ಬೆಳಕು. ಕಣ್ಣಿನಲ್ಲಿ ಮಿಂಚಬೇಕಾದದ್ದು ಆ ರಸ್ತೆಯೇ. ಅದಿಲ್ಲದಿದ್ದರೆ ಕಣ್ಣು ಸತ್ತ ಹಾಗೆ ಕಾಣುತ್ತದೆ. ಮುಂದಿನ ಸೇವಂತಿಗೆ ರಾಶಿಯಿಂದ ಪುಟಿದ ಹಳದಿ ಗದ್ದದ ಕೆಳಗೆ ಬೀಳಬೇಕು. 2018ರಿಂದೀಚೆಗೆ ಬಂದ, ಬೆಳಕಿನ ಕಿರಣಗಳ ದಾರಿಯನ್ನು ಹಿಂಬಾಲಿಸಿ ಲೆಕ್ಕ ಹಾಕುವ ರೇ ಟ್ರೇಸಿಂಗ್ ಗ್ರಾಫಿಕ್ಸ್ ಕಾರ್ಡುಗಳು ಈ ಪುಟಿತವನ್ನು ಆಟ ನಡೆಯುವಾಗಲೇ ಲೆಕ್ಕ ಹಾಕಬಲ್ಲವು. ಅಂಥ ಕಾರ್ಡ್ ಇಲ್ಲದ ಮೊಬೈಲಿಗೆ ಆಟ ಮಾಡುತ್ತಿದ್ದರೆ ಬುಟ್ಟಿಯ ಜಾಗದಲ್ಲಿ ಒಂದು ಮಂದ ಹಳದಿ ದೀಪ ಇಟ್ಟರೂ ಕೆಲಸ ನಡೆಯುತ್ತದೆ.