ಪಿಡಿಪಿ-8 ಮತ್ತು ಮಿನಿಕಂಪ್ಯೂಟರಿನ ಹುಟ್ಟು

ದೊಡ್ಡ ಕಂಪ್ಯೂಟರನ್ನು ಕುಗ್ಗಿಸಿದ್ದರಿಂದ ಮಿನಿಕಂಪ್ಯೂಟರ್ (ಕೋಣೆ ತುಂಬುವ ಯಂತ್ರಕ್ಕಿಂತ ಚಿಕ್ಕದಾದ, ಅಗ್ಗದ ಕಂಪ್ಯೂಟರ್) ಬಂತು ಎಂಬ ಮಾತು ಅರ್ಧ ಮಾತ್ರ ನಿಜ. ಅದು ಬೆಳೆದದ್ದು ಬ್ಯಾಂಕು, ವಿಮೆಗಳ ಲೆಕ್ಕಪತ್ರದ ಅಗತ್ಯದಿಂದಲ್ಲ, ಪ್ರಯೋಗಾಲಯದ ಉಪಕರಣಗಳ ಸಹವಾಸದಲ್ಲಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಲಿಂಕನ್ ಪ್ರಯೋಗಾಲಯದಲ್ಲಿ ದುಡಿದಿದ್ದ ಕೆನ್ ಓಲ್ಸನ್ ಮತ್ತು ಹಾರ್ಲನ್ ಆಂಡರ್ಸನ್ 1957ರಲ್ಲಿ 70,000 ಡಾಲರ್ ಬಂಡವಾಳ ಪಡೆದು, ಮೆಸಾಚುಸೆಟ್ಸ್‌ನ ಮೇನಾರ್ಡ್ ಊರಿನ ಹಳೆಯ ಉಣ್ಣೆ ಗಿರಣಿಯೊಂದರಲ್ಲಿ ಮುಂದೆ ಡೆಕ್ ಎಂದೇ ಹೆಸರಾದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಆರಂಭಿಸಿದರು. ಕಂಪ್ಯೂಟರ್ ತಯಾರಿಕೆಯಲ್ಲಿ ಲಾಭವಿಲ್ಲ ಎಂಬ ಶಂಕೆ ಹಣ ಕೊಟ್ಟವರಿಗಿದ್ದುದರಿಂದ ಮೊದಲು ಸರ್ಕ್ಯೂಟ್ ಮಾಡ್ಯೂಲುಗಳನ್ನಷ್ಟೇ ಮಾರಿದರು.

ನಿರ್ಣಾಯಕ ತಿರುವು ಬಂದದ್ದು ಕೆನಡಾದ ಚಾಕ್ ರಿವರ್‌ನಿಂದ. ಅಲ್ಲಿನ ಪರಮಾಣು ರಿಯಾಕ್ಟರಿನ ನಿಗಾ ವ್ಯವಸ್ಥೆಗೆ ಡೆಕ್‌ನ ಪಿಡಿಪಿ-4 ಕಂಪ್ಯೂಟರ್ ಬಳಸುವಾಗ, ಉಪಕರಣಗಳ ಸಂಕೇತಗಳನ್ನು ಒಟ್ಟುಗೂಡಿಸಿ ಅದಕ್ಕೆ ಒಪ್ಪಿಸುವ ಏರ್ಪಾಡೊಂದು ಬೇಕಾಯಿತು. ಆ ಒಂದೇ ಕೆಲಸಕ್ಕೆಂದು ಬೇರೆ ಸರ್ಕ್ಯೂಟ್ ಕಟ್ಟುವುದಕ್ಕಿಂತ ಪುಟ್ಟ ಕಂಪ್ಯೂಟರನ್ನೇ ಮಾಡುವುದು ಲೇಸೆಂದು ಡೆಕ್‌ನ ಎಂಜಿನಿಯರ್ ಗಾರ್ಡನ್ ಬೆಲ್ ಯೋಚಿಸಿದರು. ಹೀಗೆ 1963ರಲ್ಲಿ 12 ಬಿಟ್‌ಗಳ, ಅಂದರೆ ಒಮ್ಮೆಗೆ 12 ಸೊನ್ನೆ-ಒಂದುಗಳನ್ನು ನಿಭಾಯಿಸುವ, ಪಿಡಿಪಿ-5 ಬಂತು; 1965ರಲ್ಲಿ ಅದರ ಉತ್ತರಾಧಿಕಾರಿಯಾಗಿ ಸುಮಾರು 18,000 ಡಾಲರ್ ಬೆಲೆಯ ಪಿಡಿಪಿ-8 ಬಂತು. ಸೈಮೂರ್ ಕ್ರೇ ರೂಪಿಸಿದ ಸಿಡಿಸಿ 160, ವೆಸ್ಲಿ ಕ್ಲಾರ್ಕ್ ಅವರ ಲಿಂಕ್ ಎಂಬ ಕಂಪ್ಯೂಟರುಗಳೂ ಇದಕ್ಕೂ ಮೊದಲೇ 12 ಬಿಟ್‌ಗಳಲ್ಲಿ ಕೆಲಸ ಮಾಡುತ್ತಿದ್ದವು. ಬಿಟ್‌ಗಳು ಕಡಿಮೆಯಾದಷ್ಟೂ ಟ್ರಾನ್ಸಿಸ್ಟರುಗಳೂ ಬೆಲೆಯೂ ಕಡಿಮೆ.

ಪಿಡಿಪಿ-8ರ ನೆನಪಿನ ಶಕ್ತಿ 12 ಬಿಟ್‌ಗಳ 4,096 ಪದಗಳು, ಅಂದರೆ ಇಂದಿನ ಲೆಕ್ಕದಲ್ಲಿ 6 ಕಿಲೋಬೈಟ್. ಒಂದೊಂದು ಬಿಟ್ಟಿಗೂ ತಂತಿ ಪೋಣಿಸಿದ ಫೆರೈಟ್ ಎಂಬ ಕಾಂತೀಯ ವಸ್ತುವಿನ ಒಂದು ಪುಟ್ಟ ಉಂಗುರ. ವಿದ್ಯುತ್ ಹೋದರೂ ಅದರಲ್ಲಿನ ಮಾಹಿತಿ ಅಳಿಯುತ್ತಿರಲಿಲ್ಲ. ಯಂತ್ರವನ್ನು ಮೊದಲ ಬಾರಿ ಚಾಲೂ ಮಾಡುವವರು ಮುಂಭಾಗದ 12 ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ, ಹದಿನೈದಿಪ್ಪತ್ತು ಆದೇಶಗಳನ್ನು ಒಂದೊಂದಾಗಿ ಕೈಯಿಂದಲೇ ತುಂಬಬೇಕಿತ್ತು. ಆಮೇಲಷ್ಟೇ ಅದು ಟೆಲಿಟೈಪ್ ಎಂಬ ಬೆರಳಚ್ಚು ಯಂತ್ರದ, ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಸೆಕೆಂಡಿಗೆ 10 ಅಕ್ಷರಗಳಂತೆ ಮುಂದಿನ ಪ್ರೋಗ್ರಾಮನ್ನು ಓದಿಕೊಳ್ಳುತ್ತಿತ್ತು. ಇದು ಶ್ರಮದ ಕೆಲಸವೇ ಸರಿ. ಆದರೂ ಪ್ರೋಗ್ರಾಮ್ ಕೊರೆದ ಕಾರ್ಡುಗಳ ಕಟ್ಟನ್ನು ದೊಡ್ಡ ಕಂಪ್ಯೂಟರಿನ ಕೋಣೆಗೆ ಕೊಟ್ಟು ಮರುದಿನದವರೆಗೆ ಕಾಯುತ್ತಿದ್ದ ಸಂಶೋಧಕನಿಗೆ ಯಂತ್ರವನ್ನು ನೇರವಾಗಿ ಮುಟ್ಟುವ ಹಕ್ಕು ಸಿಕ್ಕಿತು. ಮಿನಿಕಂಪ್ಯೂಟರಿನ ನಿಜವಾದ ಕೊಡುಗೆ ಬೆಲೆ ಇಳಿಸಿದ್ದಕ್ಕಿಂತ ಇದೇ ಎಂದು ನಾನು ಭಾವಿಸುತ್ತೇನೆ.

ಪಿಡಿಪಿ-8ರ ವಿನ್ಯಾಸದಲ್ಲಿ ಮುಖ್ಯರಾಗಿದ್ದ ಎಡ್ಸನ್ ಡಿ ಕ್ಯಾಸ್ಟ್ರೊ 1968ರಲ್ಲಿ ಡೆಕ್ ಬಿಟ್ಟು ಡಾಟಾ ಜನರಲ್ ಕಂಪನಿ ಕಟ್ಟಿದರು. ಮರುವರ್ಷ 16 ಬಿಟ್‌ಗಳ ನೋವಾ ತಂದರು. ಡೆಕ್ ಇದಕ್ಕೆ 1970ರಲ್ಲಿ ಪಿಡಿಪಿ-11ರ ಮೂಲಕ ಉತ್ತರ ಕೊಟ್ಟಿತು. ಭಾರತದಲ್ಲಿಯೂ ಈ ದಾರಿ ಪರಮಾಣು ಸಂಸ್ಥೆಯಿಂದಲೇ ಹೊರಟಿತು: ಮುಂಬೈನ ಟ್ರಾಂಬೆಯ ಪರಮಾಣು ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ 12 ಬಿಟ್‌ಗಳ ಟಿಡಿಸಿ-12 ಯಂತ್ರ 1969ರಲ್ಲಿ ಸಿದ್ಧವಾಯಿತು, ಹೈದರಾಬಾದಿನ ಸರ್ಕಾರಿ ಕಂಪನಿ ಇಸಿಐಎಲ್ ಅದನ್ನು ತಯಾರಿಸತೊಡಗಿತು.