ನೂರೆಂಟು ಎಂದರೆ ಯಾವ ನೂರೆಂಟು?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲವಾದ್ದರಿಂದ, ಕಾರವಾರದ ಬೈತಖೋಲ ಬಂದರಿನಲ್ಲಿ ಎಂಜಿನ್ ಬಿಚ್ಚಿ ಜೋಡಿಸುವ ದೊಡ್ಡ ಕೆಲಸಗಳೆಲ್ಲ ಆ ಎರಡು ತಿಂಗಳಲ್ಲೇ ಮುಗಿಯಬೇಕು. ಬೋಲ್ಟುಗಳನ್ನು ಎಷ್ಟು ಬಿಗಿಯಬೇಕೆಂಬುದನ್ನು ಹಳೆಯ ಜಪಾನಿ ಎಂಜಿನ್ನಿನ ಕೈಪಿಡಿ ಕೆಜಿ-ಮೀಟರಿನಲ್ಲಿ ಹೇಳಿದರೆ, ಅಮೆರಿಕದ್ದು ಫುಟ್-ಪೌಂಡಿನಲ್ಲಿಯೂ ಈಚಿನವು ನ್ಯೂಟನ್-ಮೀಟರಿನಲ್ಲಿಯೂ ಹೇಳುತ್ತವೆ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಗುಣಾಕಾರವನ್ನು ಮೊಬೈಲೇ ಮಾಡಿಕೊಡುತ್ತದೆ. ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಗುಣಾಕಾರದಲ್ಲಿ ಆದವಲ್ಲ.

ಅಂಥದೊಂದು ತಪ್ಪು ನನ್ನದೇ. ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡನ್ನು ಹಿಡಿದಿಡುವ ಹೆಡ್ ಬೋಲ್ಟಿಗೆ ಕೈಪಿಡಿಯಲ್ಲಿ 11 ಕೆಜಿ-ಮೀಟರ್ ಎಂದಿತ್ತು. ನ್ಯೂಟನ್-ಮೀಟರಿಗೆ ತರಲು ಅದನ್ನು 9.80665ರಿಂದ ಗುಣಿಸಿ, ಬಂದ 107.9ನ್ನು ಪೂರ್ಣಾಂಕಕ್ಕೆ ತಂದು, ರಟ್ಟಿನ ಚೂರೊಂದರ ಮೇಲೆ ‘108’ ಎಂದಷ್ಟೇ ಬರೆದು ಹುಡುಗನ ಕೈಗೆ ಕೊಟ್ಟೆ. ಗೊತ್ತುಮಾಡಿಟ್ಟ ಬಿಗಿತ ಮುಟ್ಟಿದೊಡನೆ ‘ಟಿಕ್’ ಎನ್ನುವ ನಮ್ಮ ಟಾರ್ಕ್ ರೆಂಚಿನ ಹಿಡಿಯ ಮೇಲೆ ಎರಡು ಅಳತೆಪಟ್ಟಿಗಳಿದ್ದವು. ಅವನು ಫುಟ್-ಪೌಂಡಿನ ಪಟ್ಟಿಯಲ್ಲಿ 108ಕ್ಕೆ ಇಟ್ಟ. ಒಂದು ಫುಟ್-ಪೌಂಡ್ ಎಂದರೆ 1.356 ನ್ಯೂಟನ್-ಮೀಟರ್ ಆದ್ದರಿಂದ ಬೋಲ್ಟಿಗೆ ಬಿದ್ದದ್ದು 146, ಅಂದರೆ ಬೇಕಾದದ್ದಕ್ಕಿಂತ ಶೇಕಡಾ 36 ಹೆಚ್ಚು. ಎರಡು ಬೋಲ್ಟು ಹೇಗೋ ತಡೆದುಕೊಂಡವು. ಮೂರನೆಯದರಲ್ಲಿ ಅವನು, “ಮೇಸ್ತ್ರಿ, ತಿರುಗ್ತಾನೇ ಇದೆ, ಟಿಕ್ ಅಂತಾನೇ ಇಲ್ಲ” ಎಂದ. ಬಿಗಿತ ಏರದೆ ಬೋಲ್ಟು ಬರಿದೇ ತಿರುಗುತ್ತಿದೆಯೆಂದರೆ ಉಕ್ಕು ಹಿಗ್ಗತೊಡಗಿದೆ ಎಂದರ್ಥ. ಹೊರತೆಗೆದು ನೋಡಿದಾಗ ಮರೆಗಳ (ಬೋಲ್ಟಿನ ಮೈಮೇಲಿನ ತಿರುಪು ಗೆರೆಗಳ) ನಡುವೆ ಸೊಂಟ ಸಣ್ಣದಾದಂತೆ ಕಾಣುತ್ತಿತ್ತು. ಹುಡುಗನನ್ನು ಬೈಯಲು ನನಗೆ ಬಾಯಿರಲಿಲ್ಲ.

ಟಾರ್ಕ್ ಎಂದರೆ ಬಲ ಮತ್ತು ದೂರಗಳ ಗುಣಲಬ್ಧ. ಹಾಗಾಗಿ ಪ್ರತಿಯೊಂದು ಘಟಕದಲ್ಲೂ ಒಂದು ಬಲ, ಒಂದು ಉದ್ದ ಇದ್ದೇ ಇರುತ್ತವೆ, ಎರಡನ್ನೂ ಬದಲಿಸಬೇಕು. ಫುಟ್ಟಿಗೆ 0.3048 ಮೀಟರ್, ಪೌಂಡಿಗೆ 0.45359237 ಕೆಜಿ, ಇವೆರಡನ್ನು ಗುಣಿಸಿದರೆ ಒಂದು ಫುಟ್-ಪೌಂಡಿಗೆ 0.1383 ಕೆಜಿ-ಮೀಟರ್ ಬರುತ್ತದೆ. ಇಲ್ಲಿ ಕೆಜಿ ಎಂದರೆ ಒಂದು ಕಿಲೋ ವಸ್ತು ಕೆಳಕ್ಕೆ ಜಗ್ಗುವ ಭಾರ. ಆ ಭಾರವನ್ನು ನ್ಯೂಟನ್ನಿಗೆ ತರುವುದೇ 9.80665, 1901ರಲ್ಲಿ ತೂಕ ಮತ್ತು ಅಳತೆಗಳ ಮಹಾಸಮ್ಮೇಳನ ಗೊತ್ತುಪಡಿಸಿದ ಸಂಖ್ಯೆ ಅದು. ಕೆಲವು ಕೈಪಿಡಿಗಳು ಪೌಂಡ್-ಫುಟ್ ಎಂದು ತಿರುವಿ ಮುದ್ರಿಸುತ್ತವೆ, ಅಳತೆ ಒಂದೇ.

ಇದನ್ನು ಹೊಸಬರಿಗೆ ಬಾಯಲ್ಲಿ ಹೇಳುವುದಕ್ಕಿಂತ ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯಲ್ಲಿ ತೋರಿಸುವುದು ಲೇಸು. ಬೋಲ್ಟಿನ ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ, ಸಾಕೆಟ್ ಕೂಡಿಸಿದ ಉದ್ದನೆಯ ಹಿಡಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ, ಹಿಡಿಗೆ ಸರಿಯಾಗಿ ಲಂಬಕೋನದಲ್ಲಿ ಎಳೆಯಬೇಕು. ಮುಳ್ಳು 22 ಕೆಜಿ ತೋರಿಸಿದಾಗ ಬೋಲ್ಟಿನ ಮೇಲೆ 11 ಕೆಜಿ-ಮೀಟರ್ ಇದೆ. ಓರೆಯಾಗಿ ಎಳೆದರೆ ಲೆಕ್ಕ ಕೆಡುತ್ತದೆ. ಒಮ್ಮೆ ಹೀಗೆ ಎಳೆದವನಿಗೆ 11 ಎಂದರೆ ತೋಳಿಗೆಷ್ಟು ಎಂಬ ಅಂದಾಜು ಉಳಿಯುತ್ತದೆ, ಆಮೇಲೆ ಹತ್ತು ಪಟ್ಟು ತಪ್ಪಿದ ಸಂಖ್ಯೆ ಕಂಡರೆ ಕೈಯೇ ಅನುಮಾನಪಡುತ್ತದೆ.

ಅಂಥ ಅನುಮಾನ ಸಣ್ಣ ಬೋಲ್ಟುಗಳಲ್ಲಿ ಹೆಚ್ಚು ಬೇಕು. ವಾಲ್ವ್ ಕವರಿಗೆ 90 ಇಂಚ್-ಪೌಂಡ್ ಎಂದಿದ್ದರೆ ಅದು ಬರೀ 10.2 ನ್ಯೂಟನ್-ಮೀಟರ್. ಫುಟ್ ಎಂದು ಓದಿಕೊಂಡರೆ ಹನ್ನೆರಡು ಪಟ್ಟಾಗಿ 122 ತಲುಪಬೇಕು, ಆದರೆ 6 ಮಿಲಿಮೀಟರಿನ ಬೋಲ್ಟು ಅದಕ್ಕೆ ಬಹಳ ಮೊದಲೇ ತುಂಡಾಗುತ್ತದೆ. ಕೆಜಿ-ಸೆಂಟಿಮೀಟರ್ ಮತ್ತು ಕೆಜಿ-ಮೀಟರ್ ನಡುವೆ ನೂರು ಪಟ್ಟಿನ ಅಂತರವಿದೆ.

ದಶಾಂಶಗಳ ಬಗ್ಗೆ ಮಾತ್ರ ಅತಿಯಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಳ್ಳೆಯ ಟಾರ್ಕ್ ರೆಂಚೇ ಶೇಕಡಾ 4ರಷ್ಟು ಆಚೀಚೆ ಆಗಬಹುದಾದ್ದರಿಂದ, ಅವಸರದಲ್ಲಿ 9.8ರ ಬದಲು 10ರಿಂದ ಗುಣಿಸಿದರೂ ವ್ಯತ್ಯಾಸ ಶೇಕಡಾ 2 ಅಷ್ಟೇ. ಕೈಪಿಡಿ 95ರಿಂದ 105 ನ್ಯೂಟನ್-ಮೀಟರ್ ಎಂದು ಮಿತಿ ಕೊಟ್ಟಿದ್ದರೆ ಎರಡೂ ತುದಿಗಳನ್ನು ಬದಲಿಸಿ, ಒಳಮುಖವಾಗಿ ಪೂರ್ಣಾಂಕಕ್ಕೆ ತರುವುದು ನನ್ನ ರೂಢಿ: 70.1 ಬಂದದ್ದನ್ನು 71, 77.4 ಬಂದದ್ದನ್ನು 77 ಫುಟ್-ಪೌಂಡ್ ಎಂದು ಬರೆದುಕೊಳ್ಳುತ್ತೇನೆ. ಒಣ ಮರೆಗೆ ಹೇಳಿದ ಸಂಖ್ಯೆಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಗೇ ಬಳಸಿದರೆ ಅದು ಅತಿಯಾಗಿ ಬಿಗಿಯುತ್ತದೆ, ಉಪ್ಪುಗಾಳಿಗೆ ತುಕ್ಕು ಹಿಡಿದ ಮರೆಯಲ್ಲಿ ಟಿಕ್ ಎಂದ ಮೇಲೂ ಸಡಿಲವಾಗಿಯೇ ಉಳಿಯಬಹುದು. ಯಾವ ಪರಿವರ್ತನೆಯೂ ಅದನ್ನು ಸರಿಪಡಿಸದು. ಬಿಗಿದ ಮೇಲೆ ಇನ್ನೂ 90 ಡಿಗ್ರಿ ತಿರುಗಿಸಿ ಎಂದಿದ್ದರೆ, ಡಿಗ್ರಿಯನ್ನು ಬದಲಿಸುವ ಗೋಜೇ ಇಲ್ಲ.

ಆ ರೆಂಚು ಇನ್ನೂ ನಮ್ಮಲ್ಲಿದೆ. ಫುಟ್-ಪೌಂಡಿನ ಪಟ್ಟಿಯ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿದ್ದೇನೆ. ಅಮೆರಿಕದ ಎಂಜಿನ್ ಬಂದರೂ ಅದನ್ನು ಬಿಚ್ಚುವುದಿಲ್ಲ, ಸಂಖ್ಯೆಯನ್ನೇ ನ್ಯೂಟನ್-ಮೀಟರಿಗೆ ಬದಲಿಸಿ, ಘಟಕದ ಹೆಸರು ಸಮೇತ ಬರೆದು ಕೊಡುತ್ತೇನೆ.