ಪ್ಲಗ್ ಪಾಯಿಂಟಿನಲ್ಲೇ ಇಂಟರ್ನೆಟ್

ಕೆಳಗಿನ ಮನೆಯಲ್ಲಿ ರೌಟರ್, ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್. ನಡುವಿನ ಆರ್‌ಸಿಸಿ ಛಾವಣಿ ದಾಟುವಷ್ಟರಲ್ಲಿ ವೈ-ಫೈ ಸೊರಗಿಹೋಗುತ್ತದೆ. ಬಾಡಿಗೆ ಮನೆಯಾದರೆ ಗೋಡೆ ಕೊರೆದು ಕೇಬಲ್ ಎಳೆಯಲು ಮಾಲೀಕರು ಬಿಡುವುದಿಲ್ಲ. ಆದರೆ ಆ ಎರಡು ಕೋಣೆಗಳ ನಡುವೆ ಲೋಹದ ತಂತಿ ಆಗಲೇ ಇದೆ, ದೀಪಕ್ಕೂ ಫ್ಯಾನಿಗೂ ಎಳೆದದ್ದು. ಅದರಲ್ಲೇ ಮಾಹಿತಿಯನ್ನೂ ಕಳುಹಿಸುವ ಸಾಧನ ಪವರ್‌ಲೈನ್ ಅಡಾಪ್ಟರ್. ರೌಟರಿನ ಬಳಿ ಒಂದು, ಕಂಪ್ಯೂಟರಿನ ಬಳಿ ಒಂದು, ಎರಡನ್ನೂ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿ, ಗಿಡ್ಡ ನೆಟ್‌ವರ್ಕ್ ಕೇಬಲ್ಲಿನಿಂದ ರೌಟರಿಗೂ ಕಂಪ್ಯೂಟರಿಗೂ ಜೋಡಿಸಿದರಾಯಿತು.

ಮನೆಯ ವಿದ್ಯುತ್ತಿನ ಆವರ್ತನ 50 ಹರ್ಟ್ಸ್. ಅಡಾಪ್ಟರ್ ಕಳುಹಿಸುವ ಸಂಕೇತದ್ದು ಸುಮಾರು 2ರಿಂದ 30 ಮೆಗಾಹರ್ಟ್ಸ್. ಅಂತರ ಇಷ್ಟು ದೊಡ್ಡದಾದ್ದರಿಂದ ಎರಡನ್ನೂ ಬೇರ್ಪಡಿಸುವುದು ಸುಲಭ: ಒಳಗಿರುವ ಕೆಪಾಸಿಟರ್ ನಿಧಾನದ 230 ವೋಲ್ಟನ್ನು ತಡೆದು ವೇಗದ ಸಂಕೇತಕ್ಕೆ ಮಾತ್ರ ದಾರಿ ಬಿಡುತ್ತದೆ.

ನಿಜವಾದ ಕಷ್ಟ ಗದ್ದಲದ್ದು. ಮೊಬೈಲ್ ಚಾರ್ಜರ್, ಎಲ್‌ಇಡಿ ಬಲ್ಬ್, ಮಿಕ್ಸಿ ಎಲ್ಲವೂ ತಂತಿಗೆ ಬೇಡದ ವಿದ್ಯುತ್ ಏರಿಳಿತಗಳನ್ನು ಸುರಿಯುತ್ತವೆ, ಗದ್ದಲವೆಂದರೆ ಇದೇ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಅಲೆಯ ಪ್ರತಿ ಅರ್ಧಕ್ಕೊಮ್ಮೆ, ಅಂದರೆ ಸೆಕೆಂಡಿಗೆ 100 ಬಾರಿ, ಚಿಟಿಕೆ ಹೊಡೆದಂತೆ ಸದ್ದು ಮಾಡುತ್ತದೆ. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ನನಗೆ ಬಹಳ ಮೆಚ್ಚುಗೆಯಾದದ್ದು. 2005ರ ಹೋಮ್‌ಪ್ಲಗ್ ಎವಿ ಮಾನದಂಡದಲ್ಲಿ ಮಾಹಿತಿ ಒಂದೇ ಅಲೆಯ ಮೇಲೆ ಹೋಗುವುದಿಲ್ಲ. 917 ಪುಟ್ಟ ವಾಹಕ ಅಲೆಗಳಿಗೆ ಹಂಚಿಕೆಯಾಗುತ್ತದೆ. ಅಡಾಪ್ಟರುಗಳು ತಂತಿಯನ್ನು ಮತ್ತೆ ಮತ್ತೆ ಆಲಿಸಿ, ಸ್ವಚ್ಛವಾಗಿರುವ ವಾಹಕಕ್ಕೆ ಹತ್ತು ಬಿಟ್‌ವರೆಗೂ ಹೊರಿಸುತ್ತವೆ, ಗದ್ದಲದಲ್ಲಿ ಮುಳುಗಿದ್ದನ್ನು ಖಾಲಿ ಬಿಡುತ್ತವೆ. ರೆಗ್ಯುಲೇಟರಿನ ಸದ್ದು ವಿದ್ಯುತ್ತಿನ ತಾಳಕ್ಕೇ ಬರುವುದರಿಂದ, ಅಲೆಯ ಯಾವ ಭಾಗದಲ್ಲಿ ಎಷ್ಟು ಹೊರಿಸಬಹುದೆಂಬ ಲೆಕ್ಕವನ್ನೂ ಬೇರೆ ಬೇರೆ ಇಡುತ್ತವೆ. ಹವ್ಯಾಸಕ್ಕೆಂದು ರೇಡಿಯೊದಲ್ಲಿ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊದವರ ಆವರ್ತನಗಳನ್ನು ಮಾತ್ರ ಮೊದಲೇ ಮುಚ್ಚಿಟ್ಟಿರುತ್ತಾರೆ. ಮನೆಯ ವೈರಿಂಗ್ ಆಂಟೆನಾದಂತೆಯೂ ವರ್ತಿಸುತ್ತದೆ. ಹಾಗೆ ಮುಚ್ಚದಿದ್ದರೆ ಅವರ ಸಂಭಾಷಣೆ ಕೆಡುತ್ತದೆ.

ಇಷ್ಟಾದರೂ ಡಬ್ಬಿಯ ಮೇಲೆ ಅಚ್ಚಾದ ವೇಗ ಕೈಗೆ ಸಿಗುವುದಿಲ್ಲ. ಆ ಮಾನದಂಡದ ಸೆಕೆಂಡಿಗೆ 200 ಮೆಗಾಬಿಟ್ ಎಂಬುದು ತಂತಿಯ ಮೇಲಿನ ಕಚ್ಚಾ ಗರಿಷ್ಠ ಮಿತಿ, ಬಳಕೆಗೆ ಸಿಗುವುದು ಅದಕ್ಕಿಂತ ಬಹಳ ಕಡಿಮೆ. ಅಡಾಪ್ಟರನ್ನು ಗೋಡೆಯ ಪಾಯಿಂಟಿಗೇ ಹಾಕಿ. ಸರ್ಜ್ ರಕ್ಷಣೆಯಿರುವ ಎಕ್ಸ್‌ಟೆನ್ಶನ್ ಬೋರ್ಡು ಗದ್ದಲದ ಜೊತೆಗೆ ನಿಮ್ಮ ಸಂಕೇತವನ್ನೂ ನುಂಗಬಹುದು. ತ್ರೀ ಫೇಸ್ ಸಂಪರ್ಕದ ಮನೆಯಲ್ಲಿ ಎರಡು ಕೋಣೆಗಳು ಬೇರೆ ಬೇರೆ ಫೇಸಿನಲ್ಲಿದ್ದರೆ ಸಂಕೇತ ಕ್ಷೀಣಿಸುತ್ತದೆ. ಒಂದು ಕೋಣೆ ಇನ್ವರ್ಟರ್ ಲೈನಿನಲ್ಲಿದ್ದರೂ ಇದೇ ತೊಂದರೆ ಎದುರಾಗಬಹುದು. ಹಾಗಾಗಿ ವಾಪಸು ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಮನೆ ಕಟ್ಟಿಸುತ್ತಿರುವವರಿಗಂತೂ ನನ್ನ ಸಲಹೆ ಬೇರೆ: ಈಗಲೇ ಪ್ರತಿ ಕೋಣೆಗೂ ನೆಟ್‌ವರ್ಕ್ ಕೇಬಲ್ಲಿಗೆಂದು ಪ್ರತ್ಯೇಕ ಪೈಪ್ ಹಾಕಿಸಿ.

ಅಪಾರ್ಟ್‌ಮೆಂಟಿನಲ್ಲಿ ಸಂಕೇತ ಮೀಟರು ದಾಟಿ ಪಕ್ಕದ ಮನೆಗೂ ಹೋಗಬಹುದು. ಮಾಹಿತಿ ಗೂಢಲಿಪಿಯಲ್ಲಿ ಹೋಗುತ್ತದೆ ನಿಜ, ಆದರೆ ಕಾರ್ಖಾನೆಯಿಂದ ಬಂದ ಹೊಸ ಅಡಾಪ್ಟರುಗಳ ಗುಪ್ತಪದ ಎಷ್ಟೋ ಸಲ ಎಲ್ಲಕ್ಕೂ ಒಂದೇ. ಎರಡೂ ಅಡಾಪ್ಟರಿನ ಜೋಡಣೆ ಗುಂಡಿಯನ್ನು ಒಂದರ ಬೆನ್ನಿಗೆ ಒಂದು ಒತ್ತಿದರೆ ನಿಮ್ಮ ಮನೆಗಷ್ಟೇ ಸೇರಿದ ಹೊಸ ಗುಪ್ತಪದ ಸಿದ್ಧವಾಗುತ್ತದೆ. ಇದನ್ನು ಮೊದಲ ದಿನವೇ ಮಾಡಿ.